ಕ್ರಾಸ್‌ನಲ್ಲಿ ಹಿಂದಿನಿಂದ ಡಿಕ್ಕಿ ಏಕೆ?



ಬೀದರ್‌ನಿಂದ ಔರಾದ್‌ಗೆ ಹೋಗುವ ದಾರಿಯಲ್ಲಿ ಜನವಾಡ ಸಿಗುತ್ತದೆ. ಈ ರಸ್ತೆಯಿಂದ ಹಳ್ಳಿಗಳ ಕಡೆಗೆ ಅಲ್ಲಲ್ಲಿ ದಾರಿಗಳು ಒಡೆಯುತ್ತವೆ. ಅಂಥ ಜಾಗವನ್ನು ನಾವು 'ಕ್ರಾಸ್' ಎನ್ನುತ್ತೇವೆ. ನಿಮ್ಮಲ್ಲಿ ಕೆಲವರು ಸೈಕಲ್ ಮೇಲೆ, ಕೆಲವರು ಆಟೊದಲ್ಲಿ ಕ್ರಾಸ್ ದಾಟಿ ಶಾಲೆಗೆ ಬರುತ್ತೀರಿ.

ಅಲ್ಲಿ ಒಂದು ಸಂಗತಿ ಗಮನಿಸಿದ್ದೀರಾ? ಬಲಕ್ಕೆ ತಿರುಗುವ ವಾಹನವು, ಎದುರಿನ ವಾಹನಗಳು ಹೋಗುವವರೆಗೆ ರಸ್ತೆಯಲ್ಲಿಯೇ ನಿಂತು ಕಾಯುತ್ತದೆ. ಹಿಂದಿನ ವಾಹನ ನೇರವಾಗಿ ಹೋಗಬೇಕಾದ್ದರಿಂದ ವೇಗವಾಗಿಯೇ ಬರುತ್ತಿರುತ್ತದೆ. ಒಂದರ ವೇಗ ಸೊನ್ನೆ, ಇನ್ನೊಂದರ ವೇಗ ಗಂಟೆಗೆ 60 ಕಿ.ಮೀ. ಎರಡೂ ಒಂದೇ ಪಥದಲ್ಲಿ! ಅಪಾಯ ಇರುವುದು ಇಲ್ಲಿಯೇ.

2022ರಲ್ಲಿ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಪ್ರಾಣ ಕಳೆದುಕೊಂಡರು. ಸುಮಾರು ಐದು ಅಪಘಾತಗಳಲ್ಲಿ ಒಂದು, ಹಿಂದಿನಿಂದ ಬಂದು ಗುದ್ದಿದ್ದು.

ಬ್ರೇಕ್ ಒತ್ತಿದೊಡನೆ ವಾಹನ ನಿಲ್ಲುವುದೇ?

ನಿಲ್ಲುವುದಿಲ್ಲ. ಲೆಕ್ಕ ಮಾಡೋಣ ಬನ್ನಿ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಮುಂದಿನ ವಾಹನ ನಿಂತಿರುವುದನ್ನು ಕಣ್ಣು ಕಂಡು, ಮೆದುಳು ತಿಳಿದು, ಕಾಲು ಬ್ರೇಕ್ ಒತ್ತಲು ಸ್ವಲ್ಪ ಸಮಯ ಬೇಕು. ರಸ್ತೆಗಳ ವಿನ್ಯಾಸದ ನಿಯಮ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ (ಸ್ಥಾಪನೆ 1934) ಈ ಸಮಯವನ್ನು 2.5 ಸೆಕೆಂಡ್ ಎಂದು ಇಟ್ಟುಕೊಂಡಿದೆ. ಅಷ್ಟರಲ್ಲಿ ವಾಹನ ಸುಮಾರು 42 ಮೀಟರ್ ಬಂದಿರುತ್ತದೆ. ಇದು ಮೂರು ಕಬಡ್ಡಿ ಅಂಕಣಗಳಿಗಿಂತ ಉದ್ದ! ಆಮೇಲೆ ಬ್ರೇಕ್ ಮತ್ತು ಘರ್ಷಣೆ ಸೇರಿ ವಾಹನದ ಚಲನಶಕ್ತಿಯನ್ನು ಕಳೆಯಬೇಕು. ಒಟ್ಟು ಬೇಕಾಗುವ ದೂರ ಹೀಗಿದೆ:

ಗಂಟೆಗೆ 40 ಕಿ.ಮೀ. – 45 ಮೀಟರ್
ಗಂಟೆಗೆ 60 ಕಿ.ಮೀ. – 80 ಮೀಟರ್
ಗಂಟೆಗೆ 80 ಕಿ.ಮೀ. – 120 ಮೀಟರ್

ವೇಗ 40ರಿಂದ 80ಕ್ಕೆ, ಅಂದರೆ ಎರಡರಷ್ಟಾಯಿತು. ದೂರ ಮಾತ್ರ ಎರಡರಷ್ಟಕ್ಕಿಂತ ಹೆಚ್ಚಾಯಿತು. ವೇಗ ಎರಡರಷ್ಟಾದಾಗ ಚಲನಶಕ್ತಿ ನಾಲ್ಕರಷ್ಟಾಗುವುದೇ ಇದಕ್ಕೆ ಕಾರಣ.

ತಿರುವು ಪಥ

ಹಾಗಾದರೆ ಉಪಾಯವೇನು? ತಿರುಗುವ ವಾಹನ ಪಕ್ಕಕ್ಕೆ ಸರಿದು ನಿಲ್ಲಲು ಬೇರೆ ಜಾಗ ಕೊಡುವುದು. ಇದೇ ತಿರುವು ಪಥ. ಹುಮನಾಬಾದ್ ಮೂಲಕ ಸಾಗುವ ಪುಣೆ–ಹೈದರಾಬಾದ್ ಹೆದ್ದಾರಿಯಂಥ ನಾಲ್ಕು ಪಥಗಳ ರಸ್ತೆಯಲ್ಲಿ ಹೋಗುವಾಗ, ಡಿವೈಡರ್ ತೆರೆದಿರುವ ಕಡೆ ಇಂಥ ಪಥ ಇದೆಯೇ ಎಂದು ನೋಡಿ.

ತಿರುವು ಪಥಕ್ಕೆ ಸಾಕಷ್ಟು ಉದ್ದ ಇರಬೇಕು. ವೇಗ ಇಳಿಸಲು ಒಂದಷ್ಟು, ನಿಂತು ಕಾಯಲು ಇನ್ನಷ್ಟು. ಉದ್ದ ಸಾಲದಿದ್ದರೆ ಚಾಲಕರು ನೇರ ಹೋಗುವ ಪಥದಲ್ಲಿಯೇ ಬ್ರೇಕ್ ಒತ್ತುತ್ತಾರೆ, ಅಥವಾ ನಿಂತ ವಾಹನಗಳ ಸಾಲಿನ ಬಾಲ ಆ ಪಥಕ್ಕೆ ಚಾಚುತ್ತದೆ. ಆಗ ಅಪಾಯ ಮತ್ತೆ ಮೊದಲಿನಂತೆಯೇ.

ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಆದ್ದರಿಂದ ಅಲ್ಲಿನ ಎಡ ತಿರುವು ನಮ್ಮ ಬಲ ತಿರುವಿನಂತೆ. ಅಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಳ್ಳಿಗಾಡಿನಲ್ಲಿ ಮೂರು ದಾರಿ ಸೇರುವ, ಸಿಗ್ನಲ್ ಇಲ್ಲದ ಕಡೆ ಮುಖ್ಯ ರಸ್ತೆಗೆ ಎಡ ತಿರುವು ಪಥ ಸೇರಿಸಿದಾಗ ಅಪಘಾತಗಳು ಶೇಕಡ 44ರಷ್ಟು ಕಡಿಮೆಯಾದವು.

ಮಾಡಿ ನೋಡಿ

ಶಾಲೆಯ ಅಂಗಳದಲ್ಲಿ ಸುಣ್ಣದಿಂದ ಒಂದು ಪಥ ಎಳೆಯಿರಿ. ಐದು ಜನ ಒಬ್ಬರ ಹಿಂದೆ ಒಬ್ಬರು ಚುರುಕಾಗಿ ನಡೆಯಿರಿ. ಮೊದಲನೆಯವರು ಹೇಳದೆ ತಟ್ಟನೆ ನಿಲ್ಲಲಿ. ಹಿಂದಿನವರಿಗೆ ಏನಾಯಿತು? ಒಂದು ಹೆಜ್ಜೆ ಅಂತರ ಇದ್ದಾಗ ಮತ್ತು ಐದು ಹೆಜ್ಜೆ ಅಂತರ ಇದ್ದಾಗ ಆದದ್ದನ್ನು ಬರೆದಿಡಿ. ಈಗ ಪಕ್ಕದಲ್ಲಿ ತಿರುವು ಪಥ ಎಳೆದು, ನಿಲ್ಲುವವರು ಅದರೊಳಗೆ ಸರಿದು ನಿಲ್ಲಲಿ. ವ್ಯತ್ಯಾಸವೇನು?

ನೆನಪಿಡಿ

ಎಲ್ಲ ಕ್ರಾಸ್‌ಗಳಲ್ಲಿ ತಿರುವು ಪಥ ಇರುವುದಿಲ್ಲ. ಸೈಕಲ್ ಮೇಲೆ ಬಲಕ್ಕೆ ಹೋಗಬೇಕಾದಾಗ ರಸ್ತೆಯ ನಡುವೆ ಕಾಯಬೇಡಿ. ಎಡ ಅಂಚಿನಲ್ಲಿ ಇಳಿದು, ಎರಡೂ ಕಡೆ ನೋಡಿ, ವಾಹನಗಳಿಲ್ಲದಾಗ ಸೈಕಲ್ ತಳ್ಳಿಕೊಂಡು ದಾಟಿ.

ಯೋಚಿಸಿ

1. ಮಳೆಯಲ್ಲಿ ರಸ್ತೆ ಒದ್ದೆಯಾದರೆ ನಿಲ್ಲುವ ದೂರ ಹೆಚ್ಚುವುದೋ, ಕಡಿಮೆಯಾಗುವುದೋ? ಏಕೆ?
2. ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ಕಾಯಬೇಕಾದ ಕಡೆ ತಿರುವು ಪಥ ಹೇಗಿರಬೇಕು?