ಹೂಂ ಅಂದರೆ ಒಪ್ಪಿದ ಹಾಗಾ? ಜವಾಬು ಕೊಡುವ ಬಗ್ಗೆ ಒಂದು ಪಾಠ

ನಮ್ಮೂರಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಕೇಳುವವರು ನಡುನಡುವೆ 'ಹೂಂ' ಅನ್ನುತ್ತಾರೆ. ಅದಕ್ಕೆ 'ಕೇಳಿಸಿಕೊಳ್ತಾ ಇದ್ದೇನೆ, ಮುಂದೆ ಹೇಳಿ' ಎಂದಷ್ಟೇ ಅರ್ಥ. 'ನೀವು ಹೇಳಿದ್ದು ನಿಜ' ಎಂದಲ್ಲ. ಆದರೆ ಅಧಿಕಾರಿಯ ಎದುರು ದುಭಾಷಿಯ ಮೂಲಕ ಮಾತು ನಡೆಯುವಾಗ ಅದೇ ಹೂಂ 'ಹೌದು' ಎಂದು ದಾಖಲಾಗಬಹುದು.

"ಸಂಬಳ ತಗೊಂಡಿದ್ದೀರಿ ಅಲ್ವಾ?" "ಹೂಂ..."

'ಮೂರು ತಿಂಗಳದ್ದು ಮಾತ್ರ, ಇನ್ನೂ ಎರಡು ತಿಂಗಳದ್ದು ಬಂದಿಲ್ಲ' ಅನ್ನೋ ಮಾತು ಬಾಯಲ್ಲೇ ಉಳಿದರೆ, ಆ ಎರಡು ತಿಂಗಳ ದುಡಿಮೆಯೂ ಕೈತಪ್ಪಬಹುದು. ಯುಎಇಯಲ್ಲಿ ದುಡಿಯುವ ನಮ್ಮವರಿಗಾಗಿ ಬರೆದ ಪಾಠ ಇದು.

ಜವಾಬು ಎಂಬ ಮಾತು

'ಜವಾಬು' ಅರಬ್ಬಿಯಿಂದ ನಮ್ಮ ಕನ್ನಡಕ್ಕೆ ಬಂದ ಪದ. ವಕೀಲ, ಹಾಜರು, ಅಸಲು, ನಕಲು ಇವೂ ಅಲ್ಲಿಂದಲೇ ಬಂದವು. ಇಲ್ಲಿನ ಕೋರ್ಟಿನ ಭಾಷೆ ಅರಬ್ಬಿ. ಆ ಭಾಷೆ ನಮಗೆ ಬಾರದಿದ್ದರೂ ಕೋರ್ಟಿನ ಈ ಐದು ಮಾತು ನಮಗೆ ಹೊಸದೇನಲ್ಲ. 'ಜವಾಬ್ದಾರಿ' ಹುಟ್ಟಿದ್ದೂ ಜವಾಬಿನಿಂದಲೇ. ಜವಾಬು ಕೊಡುವುದೆಂದರೆ ಬಾಯಿಗೆ ಬಂದದ್ದು ಹೇಳುವುದಲ್ಲ, ಹೇಳಿದ ಮಾತನ್ನು ಹೊತ್ತುಕೊಳ್ಳುವುದು.

ದಿನನಿತ್ಯದ ಉತ್ತರ

ಸೈಟಿನಲ್ಲಿ ಫೋರ್‌ಮನ್ ಕೇಳಿದಾಗ ನಾವು 'ಆಯ್ತು ಸಾರ್' ಅಂತೀವಿ. ಜಗಳ ಬೇಡ, ಕೆಲಸ ಉಳಿದರೆ ಸಾಕು ಅನ್ನುವುದು ಅದರ ಹಿಂದಿನ ಯೋಚನೆ. ಅದು ತಪ್ಪಲ್ಲ, ಬದುಕು ನಡೆಯುವುದೇ ಹಾಗೆ. ಆದರೆ ಎರಡು ಕಡೆ ಎಚ್ಚರ ಬೇಕು.

ಒಂದು, ಮೊಬೈಲ್. ಸಂಬಳ ಕಡಿಮೆ ಮಾಡುತ್ತೇವೆ ಎಂಬ ವಾಟ್ಸಾಪ್ ಮೆಸೇಜಿಗೆ 'ಓಕೆ ಸಾರ್' ಎಂದು ಹಾಕಿದರೆ, ನಾಳೆ ಅದನ್ನೇ ನಿಮ್ಮ ಒಪ್ಪಿಗೆ ಎಂದು ಮುಂದಿಡಬಹುದು. 'ಮೆಸೇಜ್ ನೋಡಿದೆ, ನನಗೆ ಒಪ್ಪಿಗೆ ಇಲ್ಲ' ಎಂದು ವಿನಯವಾಗಿ ಬರೆಯಿರಿ.

ಎರಡು, ಸಹಿ. ಸಹಿಯೂ ಒಂದು ಉತ್ತರವೇ. ಕೆಲಸ ಬಿಡುವಾಗ 'ನನಗೆ ಬರಬೇಕಾದ್ದೆಲ್ಲ ಬಂದಿದೆ' ಎಂಬ ಕಾಗದ ಮುಂದಿಡುತ್ತಾರೆ. ಹಣ ಕೈಗೆ ಅಥವಾ ಖಾತೆಗೆ ಬರುವ ಮೊದಲು ಅದಕ್ಕೆ ಸಹಿ ಬೇಡ. ಒಪ್ಪಂದ ಮುಗಿದ 14 ದಿನದೊಳಗೆ ಬಾಕಿಯೆಲ್ಲ ಕೊಡಬೇಕು ಎಂದು 2021ರ ಕಾರ್ಮಿಕ ಕಾನೂನು ಹೇಳುತ್ತದೆ. ಓದಲು ಬಾರದ ಕಾಗದವಾದರೆ ಫೋಟೋ ತೆಗೆದು, ಬಲ್ಲವರಿಗೆ ತೋರಿಸಿ, ಆಮೇಲೆ ನಿರ್ಧರಿಸಿ.

ದೂರು ಕೊಟ್ಟ ಮೇಲೆ

ಸಂಬಳದ ತಕರಾರು ನೇರವಾಗಿ ಕೋರ್ಟಿಗೆ ಹೋಗುವುದಿಲ್ಲ. ಮೊದಲು ಮಾನವ ಸಂಪನ್ಮೂಲ ಸಚಿವಾಲಯಕ್ಕೆ ದೂರು ಕೊಡಬೇಕು. ಅದಕ್ಕೆ ಫೋನ್ ನಂಬರ್ 80084. ಅಲ್ಲಿ ಎರಡೂ ಕಡೆಯವರನ್ನು ಕೇಳಿ ರಾಜಿಗೆ ಪ್ರಯತ್ನಿಸುತ್ತಾರೆ. 2024ರಿಂದ, 50,000 ದಿರ್ಹಮ್ ಮೀರದ ದೂರಿಗೆ ಸಚಿವಾಲಯವೇ ತೀರ್ಮಾನ ಕೊಡಬಹುದು. ಅದಕ್ಕಿಂತ ಹೆಚ್ಚಿನ ಮೊತ್ತದಲ್ಲಿ ರಾಜಿ ಆಗದಿದ್ದರೆ ವಿಷಯ ಕೋರ್ಟಿಗೆ ಹೋಗುತ್ತದೆ. 1,00,000 ದಿರ್ಹಮ್‌ವರೆಗಿನ ದಾವೆಗೆ ಕಾರ್ಮಿಕರು ಕೋರ್ಟ್ ಶುಲ್ಕ ಕಟ್ಟಬೇಕಿಲ್ಲ. ಮನೆಕೆಲಸದವರಿಗೆ ಬೇರೆ ಕಾನೂನಿದೆ. ಡಿಐಎಫ್‌ಸಿ, ಎಡಿಜಿಎಂ ವಲಯಗಳಲ್ಲಿ ದುಡಿಯುವವರಿಗೂ ನಿಯಮ ಬೇರೆ.

ಕೋರ್ಟಿನಲ್ಲಿ ಕೇಳುವವರು ಬಲ್ಲವರು, ದೊಡ್ಡವರು. ಅವರನ್ನು ಮೆಚ್ಚಿಸಬೇಕು ಅಂತ ಅನ್ನಿಸುವುದು ಸಹಜ. ಆದರೆ ಅಲ್ಲಿ ಬೇಕಾದದ್ದು ನಿಮಗೆ ಗೊತ್ತಿರುವುದು ಮಾತ್ರ.

• ಪ್ರಶ್ನೆ ಪೂರ್ತಿ ಕೇಳಿಸಿಕೊಳ್ಳಿ. ಅರ್ಥವಾಗದಿದ್ದರೆ 'ಇನ್ನೊಮ್ಮೆ ಹೇಳಿ' ಅನ್ನಿ. ಅರೆಬರೆ ಹಿಂದಿಯಲ್ಲಿ ನಿಭಾಯಿಸಬೇಡಿ, ದುಭಾಷಿಯನ್ನು ಕೇಳಿ.

• ತಲೆ ಆಡಿಸಬೇಡಿ, ಬಾಯಲ್ಲಿ ಹೇಳಿ. ನಾವು ತಲೆ ಆಡಿಸುವ ರೀತಿ ಬೇರೆ ದೇಶದವರಿಗೆ ಒಮ್ಮೆ ಹೌದು, ಒಮ್ಮೆ ಇಲ್ಲ ಎಂಬಂತೆ ಕಾಣುತ್ತದೆ.

• 'ಇಲ್ಲ' ಸೇರಿದ ಪ್ರಶ್ನೆ ಬಂದರೆ ಹುಷಾರು. 'ನೀವು ರಜೆ ತಗೊಂಡಿಲ್ಲ ಅಲ್ವಾ?' ಎಂದರೆ ನಾವು 'ಹೌದು' ಅಂತೀವಿ, ಅಂದರೆ ತಗೊಂಡಿಲ್ಲ ಎಂದು. ಇಂಗ್ಲಿಷಿಗೆ ಹೋದಾಗ ಅದು ತಿರುಗಾಮುರುಗಾ ಆಗಬಹುದು. 'ನಾನು ರಜೆ ತಗೊಂಡಿಲ್ಲ' ಎಂದು ಪೂರ್ತಿ ವಾಕ್ಯ ಹೇಳಿ.

• 'ಗೊತ್ತಿಲ್ಲ' ಬೇರೆ, 'ನೆನಪಿಲ್ಲ' ಬೇರೆ. ಎರಡೂ ಮರ್ಯಾದೆಯ ಉತ್ತರಗಳೇ. ತಾರೀಖು ಊಹಿಸಿ ಹೇಳಿ, ಅದು ಕಾಗದದ ಜೊತೆ ತಾಳೆಯಾಗದಿದ್ದರೆ, ನಿಮ್ಮ ನಿಜವಾದ ಮಾತನ್ನೂ ನಂಬುವುದು ಕಷ್ಟ.

• ಮೊತ್ತ ಹೆಚ್ಚು ಮಾಡಿ ಹೇಳಬೇಡಿ. ಬಾಕಿ ಇದೆ ಎಂದು ಹೇಳುವವರೇ ಅದಕ್ಕೆ ಆಧಾರ ತೋರಿಸಬೇಕಾಗುತ್ತದೆ. ಒಪ್ಪಂದದ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಹಾಜರಿ ಫೋಟೋ, ಮೆಸೇಜುಗಳನ್ನು ಮೊಬೈಲ್ ಒಂದರಲ್ಲೇ ಬಿಡದೆ ಊರಿನ ಮನೆಯವರಿಗೂ ಕಳಿಸಿಡಿ.

ಸುಮ್ಮನಿದ್ದರೆ?

'ಮಾತು ಬೆಳ್ಳಿ, ಮೌನ ಬಂಗಾರ' ಅನ್ನುವುದು ಮನೆಯೊಳಗೆ ಸರಿ. ಸಂಬಳದ ಕೇಸಿನಲ್ಲಿ ಮೌನಕ್ಕೆ ಬೆಲೆ ತೆರಬೇಕಾದೀತು. ನೋಟಿಸು ಎಸ್‌ಎಂಎಸ್ ಅಥವಾ ಇಮೇಲ್ ಮೂಲಕವೂ ಬರುತ್ತದೆ. ದೂರು ಕೊಟ್ಟ ಮೇಲೆ ಸಿಮ್ ಬದಲಿಸಿದರೆ ಕರೆದದ್ದೇ ಗೊತ್ತಾಗುವುದಿಲ್ಲ, ಗೈರುಹಾಜರಾದವರ ಪರವಾಗಿ ಹೇಳಲು ಯಾರೂ ಇರುವುದಿಲ್ಲ. ಹಾಗೆಯೇ ಸಿಟ್ಟಿನಲ್ಲಿ ಕೆಲಸ ಬಿಟ್ಟು, ಯಾರಿಗೂ ತಿಳಿಸದೆ ಗೆಳೆಯರ ರೂಮಿನಲ್ಲಿ ಕೂರಬೇಡಿ. ಸತತ ಏಳು ದಿನ ಮೀರಿ ಕಾಣೆಯಾದರೆ ಕಂಪನಿಯವರು ನಿಮ್ಮ ಮೇಲೆಯೇ ಗೈರುಹಾಜರಿ ದೂರು ಕೊಡಬಹುದು. ಮೊದಲು ಸಚಿವಾಲಯಕ್ಕೆ ಹೇಳಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಪೊಲೀಸ್ ಕೇಸಿನ ದಾರಿ ಬೇರೆ. ಅಲ್ಲಿ ಅರ್ಥವಾಗದ ಹೇಳಿಕೆಗೆ ಸಹಿ ಹಾಕುವ ಮೊದಲು ದುಭಾಷಿಯನ್ನೂ ವಕೀಲರ ಸಲಹೆಯನ್ನೂ ಕೇಳಿ. ಭಾರತೀಯರ ಸಹಾಯ ಕೇಂದ್ರದ ಉಚಿತ ನಂಬರ್ 80046342.

ಅಭ್ಯಾಸ

ಶುಕ್ರವಾರ ಬಿಡುವಾದಾಗ ರೂಮಿನಲ್ಲಿ ಇಬ್ಬರು ಕೂತು ಮಾಡಿ ನೋಡಿ. ಒಬ್ಬರು ಅಧಿಕಾರಿಯಾಗಿ ಕೇಳಲಿ: ಕೆಲಸಕ್ಕೆ ಸೇರಿದ್ದು ಯಾವಾಗ? ಒಪ್ಪಂದದಲ್ಲಿ ಸಂಬಳ ಎಷ್ಟು? ಕೊನೆಯ ಸಂಬಳ ಬಂದದ್ದು ಯಾವ ತಿಂಗಳು? ಬಾಕಿ ಎಷ್ಟು? ಇನ್ನೊಬ್ಬರು ಹೂಂ ಅನ್ನದೆ, ತಲೆ ಆಡಿಸದೆ, ಒಂದೊಂದಕ್ಕೂ ಒಂದೇ ಪೂರ್ತಿ ವಾಕ್ಯದಲ್ಲಿ ಜವಾಬು ಕೊಡಲಿ. ಯಾವ ಉತ್ತರಕ್ಕೆ ಕಾಗದ ಇಲ್ಲವೋ ಅದನ್ನು ಗುರುತು ಹಾಕಿಕೊಳ್ಳಿ. ಆ ಕಾಗದವನ್ನು ಈ ವಾರವೇ ಹುಡುಕಿ ಇಟ್ಟುಕೊಳ್ಳಿ.