ಬಸುರಿಗೆ ಲಸಿಕೆ: ನಾಗರಬಾವಿಯ ಮನೆಗಳಲ್ಲಿ ಕಲಿತದ್ದು

ನಾಗರಬಾವಿ, ಪಾಪರೆಡ್ಡಿಪಾಳ್ಯದ ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆ ನಾನು, ಡಾಕ್ಟರಲ್ಲ. ಬಸುರಿಯರು ಕೇಳಿದ್ದಕ್ಕೆ ಏನೇನೋ ಹೇಳಿ ಪೆಚ್ಚಾದ ಮೇಲೆ ತಿಳಿದದ್ದಿಷ್ಟು.

1. ಮಾತು ಬದಲಾದರೆ, ಯಾಕೆ ಬದಲಾಯಿತೆಂದು ನಾವೇ ಹೇಳಬೇಕು

2021ರ ಮೇನಲ್ಲಿ 18 ದಾಟಿದವರಿಗೆಲ್ಲ ಕೋವಿಡ್ ಲಸಿಕೆ ಎಂದಾಗಲೂ ಬಸುರಿಯರನ್ನು ಬಿಟ್ಟಿದ್ದರು. ಸಾಲಿನಲ್ಲಿ ನಿಂತವರನ್ನೂ ವಾಪಸ್ ಕಳಿಸಿದ್ದೆ. ಜುಲೈ 2ಕ್ಕೆ ಕೇಂದ್ರ ಸರ್ಕಾರ ಅವರೂ ಹಾಕಿಸಿಕೊಳ್ಳಬಹುದು ಎಂದಿತು. ಅದೇ ಬಾಗಿಲುಗಳನ್ನು ಮತ್ತೆ ತಟ್ಟಿದೆ. "ಅವತ್ತು ಬೇಡ ಅಂದ್ರಿ, ಇವತ್ತು ಹಾಕಿಸ್ಕೋ ಅಂತೀರ. ಯಾವುದನ್ನ ನಂಬ್ಲಿ ಅಕ್ಕಾ?" ಎಂದಳು ಏಳು ತಿಂಗಳ ಬಸುರಿಯೊಬ್ಬಳು. "ಸರ್ಕಾರದ ಆರ್ಡರಮ್ಮ" ಎಂದುಬಿಟ್ಟೆ. ಅವಳು ಬಾಗಿಲು ಹಾಕಿಕೊಂಡಳು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಕಾರಣ ಕಷ್ಟದ್ದೇನಲ್ಲ. ಮೊದಲ ಪ್ರಯೋಗಗಳಲ್ಲಿ ಬಸುರಿಯರನ್ನು ಸೇರಿಸಿರಲಿಲ್ಲ, ಹಾಗಾಗಿ ಹೇಳಲು ಮಾಹಿತಿ ಇರಲಿಲ್ಲ. ಆಮೇಲೆ ಸೋಂಕು ತಗುಲಿದ ಬಸುರಿಯರಿಗೆ ಕಾಯಿಲೆ ಜೋರಾಗುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಹೆಚ್ಚೆಂದು ಗೊತ್ತಾಯಿತು. ಹೊರದೇಶಗಳಲ್ಲಿ ಲಸಿಕೆ ಪಡೆದ ಬಸುರಿಯರ ಮಾಹಿತಿಯೂ ಬಂತು. ಇಷ್ಟನ್ನು ಡಾಕ್ಟರ ಹತ್ತಿರ ಕೇಳಿಕೊಂಡು ಮತ್ತೆ ಹೋದೆ. ಕೂರಿಸಿ ಕೇಳಿದಳು, ಆದರೆ ಹಾಕಿಸಿಕೊಳ್ಳಲಿಲ್ಲ. "ಹೆರಿಗೆ ಆದ್ಮೇಲೆ ನೋಡೋಣ" ಎಂದಳು. ಸರ್ಕಾರದ ಸೂಚನೆಯಲ್ಲೂ, ತಿಳಿಸಿ ಹೇಳಿ, ತೀರ್ಮಾನ ಅವಳದೇ ಎಂದಿತ್ತು. ನಾನು ಅದನ್ನು ಪೂರ್ತಿ ಓದಿದ್ದೇ ತಡವಾಗಿ.

2. ಅತ್ತೆಯನ್ನು ಒಳಗೆ ಕಳಿಸಬೇಡಿ

ಅತ್ತೆ ಎದುರಿದ್ದರೆ ಸೊಸೆ ಬಾಯಿ ಬಿಡಳೆಂದು ನನ್ನ ಲೆಕ್ಕ. ಒಂದು ಮನೆಯಲ್ಲಿ ನೀರು ಕೇಳುವ ನೆಪ ಮಾಡಿದೆ. ಅವರಿಗೆ ನನ್ನ ಉಪಾಯ ತಿಳಿದು ಸಿಟ್ಟೇ ಬಂತು. ಬಸುರಿಯರಿಗೆ ಹಾಕುವ ಟಿಡಿ ಲಸಿಕೆ ಎಂದರೆ ಅವರ ಪಾಲಿಗೆ ಯಾವುದೋ ಹೊಸ ಔಷಧಿ. "ನೀವು ಹಾಕಿಸ್ಕೊಂಡ ಟಿಟಿನೇ ಅಮ್ಮ. ಧನುರ್ವಾಯು ಜೊತೆಗೆ ಈಗ ಗಂಟಲುಮಾರಿಗೂ ಸೇರಿಸಿದ್ದಾರೆ" ಎಂದ ಮೇಲೆ ಸೊಸೆಯನ್ನು ಅವರೇ ಕರೆತಂದರು.

3. ತವರಿಗೆ ಯಾವಾಗ ಅಂತ ಮೊದಲೇ ಕೇಳಿ

ಟಿಡಿಯ ಎರಡು ಡೋಸಿನ ನಡುವೆ ನಾಲ್ಕು ವಾರ ಬೇಕು. ಸೀಮಂತ ಮುಗಿಸಿ ಮಾಗಡಿಗೋ ಕುಣಿಗಲಿಗೋ ಹೊರಟರೆ ಎರಡನೆಯದು ತಪ್ಪಿಹೋಗುತ್ತದೆ. ತಾಯಿ ಕಾರ್ಡ್ ಬ್ಯಾಗಿನಲ್ಲಿದ್ದರೆ ಅಲ್ಲಿನ ಆರೋಗ್ಯ ಕೇಂದ್ರದಲ್ಲೇ ಹಾಕುತ್ತಾರೆ.

4. "ಲಸಿಕೆ ಎಲ್ಲಾ ಒಳ್ಳೇದೇ" ಅನ್ನಬಾರದು

ರುಬೆಲ್ಲಾ ಲಸಿಕೆ ಹಾಕಿಸಿಕೊಳ್ಳಲಾ ಎಂದು ಕೇಳಿದವಳಿಗೆ ಧೈರ್ಯವಾಗಿ ಹೂಂ ಅಂದಿದ್ದೆ. ನರ್ಸ್ ತಡೆದರು. ದಡಾರ-ರುಬೆಲ್ಲಾ, ಚಿಕನ್‌ಪಾಕ್ಸ್ ಲಸಿಕೆಗಳಲ್ಲಿ ಇರುವುದು ದುರ್ಬಲಗೊಳಿಸಿದ ಜೀವಂತ ವೈರಾಣು. ಬಸುರಿಗೆ ಬೇಡ, ಹೆರಿಗೆಯಾದ ಮೇಲೆ ಆಗಬಹುದು. ಫ್ಲೂ ಇಂಜೆಕ್ಷನ್ ಹಾಗಲ್ಲ, ಬಸುರಿಗೂ ಕೊಡುತ್ತಾರೆ, ಆದರೆ ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ಈಗ ಯಾರಾದರೂ ಹೆಸರು ಹಿಡಿದು ಲಸಿಕೆ ಕೇಳಿದರೆ ಡಾಕ್ಟರ ಹತ್ತಿರ ನಾನೂ ಜೊತೆಗೆ ಹೋಗಿ ಕೂರುತ್ತೇನೆ.