ಬ್ರಿಕ್ಸ್ ಎಷ್ಟು ಬಂತು?

ಹಾನಗಲ್ಲ ಕಡೆ ಧರ್ಮಾ ಕಾಲುವೆಯ ನೀರಿಗೆ ಕಬ್ಬು, ಸವಣೂರಿನತ್ತ ವರದಾ ದಂಡೆಗೆ ಕಬ್ಬು. ಶಿಗ್ಗಾವಿ, ಹಿರೇಕೆರೂರು ಕಡೆ ಬೋರು ಕೈಹಿಡಿದವರ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಪಟ್ಟಿ. ಸಂಗೂರಿನ ಸಕ್ಕರೆ ಕಾರ್ಖಾನೆ ಹತ್ತಿರವೇ ಇದ್ದರೂ ಗಾಣ ಹೂಡಿ ಬೆಲ್ಲ ಮಾಡುವ ಆಸೆ ಕೆಲವರಿಗೆ ಹೋಗಿಲ್ಲ. ಮೊದಲ ಸಲ ಗಾಣ ಹೂಡುವವರು ಕೈಗೆ ಹೈಡ್ರೋಮೀಟರ್ ಬಂದ ಕೂಡಲೇ ಅದು ತೋರಿಸಿದ ಅಂಕಿಯನ್ನೇ ನಂಬಿ ಕೂರುತ್ತಾರೆ. ಅವರಿಗಾಗಿ ಈ ಮಾತುಗಳು.

1. ಈ ಗಾಜಿನ ಕಡ್ಡಿಗೆ ಸಿಹಿ ಗೊತ್ತಿಲ್ಲ, ಭಾರ ಮಾತ್ರ ಗೊತ್ತು. ನೀರು 1.000 ಆದರೆ 20 ಬ್ರಿಕ್ಸಿನ ಕಬ್ಬಿನ ಹಾಲು ಸುಮಾರು 1.083. ಅಂದರೆ ನೂರು ಕಿಲೋ ಹಾಲಿನಲ್ಲಿ ಇಪ್ಪತ್ತು ಕಿಲೋ ಕರಗಿದ ಪದಾರ್ಥ. ಅದೆಲ್ಲ ಸಕ್ಕರೆಯೇ ಆಗಬೇಕೆಂದಿಲ್ಲ. ಸವಳು ನೆಲದ ಕಬ್ಬಿನಲ್ಲಿ ಉಪ್ಪೂ ಲೆಕ್ಕಕ್ಕೆ ಸೇರುತ್ತದೆ. ಅಂಕಿ ಚಂದ ಬರುತ್ತದೆ, ಬೆಲ್ಲ ಗಟ್ಟಿಯಾಗುವುದಿಲ್ಲ. 1843ರಲ್ಲಿ ಪ್ರಾಗ್‌ನ ಬಾಲಿಂಗ್ ಹಾಕಿಕೊಟ್ಟ ಲೆಕ್ಕವನ್ನೇ ಆಮೇಲೆ ಜರ್ಮನಿಯ ಬ್ರಿಕ್ಸ್ ತಿದ್ದಿದ. ಬಿಯರ್ ಕಾಯಿಸುವವರೂ ಹುದುಗುವ ಮುಂಚೆ, ಹುದುಗಿದ ಮೇಲೆ ಇಂಥದೇ ಕಡ್ಡಿ ಬಿಟ್ಟು ನೋಡುತ್ತಾರೆ. ಅವರಿಗೆ ಅಂಕಿ ಇಳಿದರೆ ಸಂತೋಷ, ನಮಗೆ ಎದೆ ಧಸಕ್ಕೆನ್ನುತ್ತದೆ.

2. ಅಳೆಯುವುದೇಕೆ? ಉರುವಲಿಗೆ. 20 ಬ್ರಿಕ್ಸ್ ಇದ್ದರೆ ಒಂದು ಕಿಲೋ ಗಟ್ಟಿ ಪದಾರ್ಥಕ್ಕೆ ನಾಲ್ಕು ಕಿಲೋ ನೀರು ಆವಿಯಾಗಬೇಕು. 16 ಇದ್ದರೆ ಐದೂಕಾಲು ಕಿಲೋ. ಒಲೆಯ ಮುಂದೆ ಕೂತವನಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಒಣಗಿದ ಸಿಪ್ಪೆ ತೀರಿದ ಮೇಲೆ ಕೆಲವರು ಹಳೇ ಟೈರ್ ತುರುಕುತ್ತಾರೆ. ಆ ಹೊಗೆಯಲ್ಲಿ ಕಾದದ್ದನ್ನು ಮಕ್ಕಳಿಗೆ ಹೇಗೆ ಕೊಡುತ್ತಾರೋ!

3. ಗಾಣದಿಂದ ಬಿದ್ದ ಮೊದಲ ಹಾಲನ್ನು ಹಿಡಿಯಬೇಡಿ. ಉರುಳೆ ತೊಳೆದ ನೀರು ಅದರಲ್ಲೇ ಇರುತ್ತದೆ. ನಾಲ್ಕು ಹೊರೆ ಅರೆದ ಮೇಲೆ ಹಿಡಿದು, ಬಟ್ಟೆಯಲ್ಲಿ ಸೋಸಿ, ನೊರೆ ಇಳಿಯಲು ಬಿಡಿ. ಗುಳ್ಳೆಗಳು ಕಡ್ಡಿಗೆ ಅಂಟಿ ಅದನ್ನು ಮೇಲೆತ್ತುತ್ತವೆ, ಇಲ್ಲದ ಸಕ್ಕರೆ ಕಾಣುತ್ತದೆ. ಕಡ್ಡಿಯನ್ನು ಒಮ್ಮೆ ಹಗುರಾಗಿ ತಿರುಗಿಸಿ ಬಿಡಿ, ಜಾಡಿಯ ಗೋಡೆಗೆ ತಾಗದಿರಲಿ.

4. ಕಡ್ಡಿಯ ಮೇಲೆ ಬರೆದ ಉಷ್ಣತೆ ಓದಿ: 20 ಡಿಗ್ರಿಯೋ, 27.5 ಡಿಗ್ರಿಯೋ. 20ರ ಕಡ್ಡಿಯನ್ನು 30 ಡಿಗ್ರಿಯ ಹಾಲಿಗೆ ಬಿಟ್ಟರೆ ಸುಮಾರು 0.7 ಕಡಿಮೆ ತೋರಿಸುತ್ತದೆ.

5. ನಿಜವಾದ ಅಳತೆ ಹೊಲದಲ್ಲೇ ಆಗಬೇಕು. ಅಲ್ಲಿ ಜೇಬಿನಲ್ಲಿ ಹಿಡಿಸುವ ರಿಫ್ರಾಕ್ಟೋಮೀಟರ್ ಸಾಕು. ಬದುವಿನ ಕಬ್ಬು ಬಿಡಿ, ನಡುಹೊಲದ ಕೆಲವು ಕಬ್ಬುಗಳ ಬುಡದ್ದೊಂದು, ತುದಿಯದ್ದೊಂದು ಹನಿ ನೋಡಿ. ಬುಡ 20, ತುದಿ 14 ಬಂದರೆ ಇನ್ನೂ ಕಾಯಬೇಕು. ಎರಡೂ ಹತ್ತಿರ ಹತ್ತಿರ ಬಂದಾಗ ಕಬ್ಬು ಬಲಿತಿದೆ. ಕುಳೆ ಕಬ್ಬು ನಾಟಿಗಿಂತ ಮೊದಲೇ ಈ ಹದಕ್ಕೆ ಬರುತ್ತದೆ. ಕಟಾವಿಗೆ ಮುಂಚೆ ನೀರು ಕಟ್ಟುವುದನ್ನು ನಿಲ್ಲಿಸಬೇಕು. ಎರೆ ಹೊಲ ತೇವ ಹಿಡಿದಿಟ್ಟುಕೊಳ್ಳುವುದರಿಂದ ಮಸಾರಿಗಿಂತ ಇನ್ನೂ ಬೇಗ.

6. ಕಡಿದಿಟ್ಟ ಕಬ್ಬಿನ ಬ್ರಿಕ್ಸ್ ಏರಿದರೆ ಹಿಗ್ಗಬೇಡಿ. ಹಾಗೆ ಹಿಗ್ಗಿ ಕೆಟ್ಟವರು ಬಹಳ. ಗಾಣದ ಸರದಿ ಬಂದಿಲ್ಲ, ಆಳು ಸಿಗಲಿಲ್ಲ, ಕರೆಂಟು ಹೋಯಿತು, ಹೊರೆ ಎರಡು ಮೂರು ದಿನ ಬಿಸಿಲಿಗೆ ಬಿತ್ತು. ನೀರು ಆರಿ ಹಾಲು ಮಂದವಾಗುತ್ತದೆ, ಅಂಕಿ ಏರುತ್ತದೆ. ಅದೇ ಹೊತ್ತಿಗೆ ಒಳಗೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತಿರುತ್ತದೆ. ಅವು ಹರಳುಗಟ್ಟಲು ಬಿಡುವುದಿಲ್ಲ, ಗಾಳಿಯ ತೇವ ಹೀರುತ್ತವೆ. ಅಚ್ಚಿನಲ್ಲಿ ಬೆಲ್ಲ ಕೂರುವುದಿಲ್ಲ, ಕೂತರೂ ಮಳೆಗಾಲಕ್ಕೆ ಬೆವರುತ್ತದೆ. ಸುಣ್ಣ ಹೆಚ್ಚು ಹಾಕಿ ಸರಿಪಡಿಸಲು ಹೋದರೆ ಬಣ್ಣ ಕಪ್ಪಾಗುತ್ತದೆ. ಆದ್ದರಿಂದ ಬ್ರಿಕ್ಸಿನ ಪಕ್ಕದಲ್ಲಿ ಕಡಿದ ಹೊತ್ತನ್ನೂ ಬರೆಯಿರಿ. ಒಂದು ದಿನದೊಳಗೆ ಅರೆಯಲಾಗದಷ್ಟು ಕಬ್ಬಿಗೆ ಕುಡುಗೋಲು ಹಾಕಬೇಡಿ.

7. ಕೊಪ್ಪರಿಗೆ ಕುದಿಯತೊಡಗಿದ ಮೇಲೆ ಗಾಜಿನ ಕಡ್ಡಿಯನ್ನು ಪೆಟ್ಟಿಗೆಗೆ ಹಾಕಿ. ಅಲ್ಲಿಂದ ಥರ್ಮಾಮೀಟರಿನ ಕೆಲಸ: 116ರಿಂದ 118 ಡಿಗ್ರಿಯ ನಡುವೆ ಪಾಕ ಬರುತ್ತದೆ. ಹಳಬರು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಥರ್ಮಾಮೀಟರು ಒಂದು ಹೇಳಿ ಬೆರಳು ಇನ್ನೊಂದು ಹೇಳಿದರೆ, ಮೊದಲ ಹಂಗಾಮಿನಲ್ಲಿ ಬೆರಳಿನ ಮಾತು ಕೇಳಿ ಕೊಪ್ಪರಿಗೆ ಇಳಿಸಿ.